ಹಸಿವಿನಲ್ಲಿ ಮಲಗಿದ ಜೀವಿ



ಪದವಿಪೂರ್ವ ಕಾಲೇಜೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಜೀವಶಾಸ್ತ್ರ ಬೋಧಿಸಿದವನು ನಾನು. ಅಷ್ಟು ವರ್ಷಗಳಲ್ಲಿ ಒಂದು ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಬಾರಿ ಬರೆದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಅದು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತೋರಿಸುವ ರೇಖೆ. ಪೋಷಕದ್ರವ ತುಂಬಿದ ಸೀಸೆಯೊಂದಕ್ಕೆ ಕೆಲವು ಬ್ಯಾಕ್ಟೀರಿಯಾಗಳನ್ನು ಬಿಟ್ಟರೆ ಅವು ಮೊದಲು ಸ್ವಲ್ಪ ಹೊತ್ತು ಸುಮ್ಮನಿರುತ್ತವೆ, ಅನಂತರ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ, ಆಹಾರ ತೀರುತ್ತ ಬಂದಂತೆ ಹೆಚ್ಚುವುದು ನಿಲ್ಲುತ್ತದೆ, ಕೊನೆಗೆ ಸಾಯತೊಡಗುತ್ತವೆ. ಮೊದಲ ಮೂರು ಹಂತಗಳನ್ನು ನಾನು ಸಾವಧಾನವಾಗಿ ವಿವರಿಸುತ್ತಿದ್ದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ತರಗತಿ ಮುಗಿಯುವ ಗಂಟೆ ಬಾರಿಸುವ ಸಮಯವಾಗಿರುತ್ತಿತ್ತು. "ಆಹಾರ ಮುಗಿಯಿತು, ಸತ್ತವು" ಎಂದು ಹೇಳಿ, ಗೆರೆಯನ್ನು ಸರ್ರನೆ ಇಳಿಸಿ, ತಳಕ್ಕೆ ಮುಟ್ಟಿಸಿ, ಸೀಮೆಸುಣ್ಣವನ್ನು ಕೆಳಗಿಡುತ್ತಿದ್ದೆ.

ಆ ಗೆರೆ ತಪ್ಪಾಗಿತ್ತು. ಅದು ನನಗೆ ಮನದಟ್ಟಾದದ್ದು ಪುಸ್ತಕ ಓದಿ ಅಲ್ಲ, ನನ್ನ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ. ಅದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ನನ್ನ ಮನೆ ಇರುವುದು ಮಡಿವಾಳದಲ್ಲಿ, ಸೋಮೇಶ್ವರ ದೇವಾಲಯಕ್ಕೆ ಸಮೀಪದ ಹಳೆಯ ಬೀದಿಯೊಂದರಲ್ಲಿ. 2005ರಲ್ಲಿ ನನ್ನ ತಂಗಿಯ ಮಗ ಮಾಲೂರಿನ ಕಡೆಯ ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಬಂದ. ಇಪ್ಪತ್ತೆರಡರ ಹುಡುಗ. ಮಡಿವಾಳದ ಮಾರುಕಟ್ಟೆಯಲ್ಲಿ ತರಕಾರಿ ಲಾರಿಗಳಿಂದ ಮೂಟೆ ಇಳಿಸುವ ಕೆಲಸ ಸಿಕ್ಕಿತು. ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಅವನ ವಾಸ. ನಸುಕಿನ ಮೂರು ಗಂಟೆಗೆ ಎದ್ದು ಹೋಗುವನು, ಮಧ್ಯಾಹ್ನ ಬಂದು ಮಲಗುವನು. ಮನೆಯಲ್ಲೇ ಊಟ ಮಾಡೆಂದು ನನ್ನ ಹೆಂಡತಿ ಎಷ್ಟು ಕರೆದರೂ "ಆಯ್ತು ಅತ್ತೆ, ಅಲ್ಲೇ ತಿಂದೆ" ಎನ್ನುತ್ತಿದ್ದ. ಅವನು ತಿನ್ನುತ್ತಿದ್ದುದು ಒಂದು ಬನ್ನು, ಎರಡು ಲೋಟ ಚಹಾ ಎಂದು ನಮಗೆ ತಿಳಿದದ್ದು ಬಹಳ ತಡವಾಗಿ. ಉಳಿಸಿದ ಹಣವನ್ನೆಲ್ಲ ಅಕ್ಕನ ಮದುವೆಯ ಸಾಲಕ್ಕೆಂದು ಊರಿಗೆ ಕಳುಹಿಸುತ್ತಿದ್ದ.

ಕೆಮ್ಮು ಆರಂಭವಾಗಿ ಎರಡು ತಿಂಗಳಾದ ಮೇಲೆ ನಾನೇ ಅವನನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆ. ಕಫದ ಪರೀಕ್ಷೆಯಲ್ಲಿ ಕ್ಷಯರೋಗವೆಂದು ಗೊತ್ತಾಯಿತು. ಅಂದು ಅವನ ತೂಕ ನಲವತ್ತಮೂರು ಕಿಲೋ. ಚಿಕಿತ್ಸೆ ಆರು ತಿಂಗಳು. ಮೊದಲ ಎರಡು ತಿಂಗಳು ವಾರಕ್ಕೆ ಮೂರು ದಿನ ಕೇಂದ್ರಕ್ಕೇ ಹೋಗಿ ಸಿಬ್ಬಂದಿಯ ಎದುರಿನಲ್ಲಿ ಮಾತ್ರೆ ನುಂಗಬೇಕು. ಹುಡುಗ ತಪ್ಪದೆ ಹೋದ. ಮೂರನೆಯ ವಾರದ ಹೊತ್ತಿಗೆ ಜ್ವರ ಬಿಟ್ಟಿತು. ಎರಡು ತಿಂಗಳಿಗೆ ಕೆಮ್ಮು ಪೂರ್ತಿ ನಿಂತು, ಐದು ಕಿಲೋ ತೂಕ ಹೆಚ್ಚಿತು, ಕಫದಲ್ಲಿ ರೋಗಾಣು ಕಾಣಿಸಲಿಲ್ಲ. ನಾವೆಲ್ಲರೂ ಗೆದ್ದೆವೆಂದುಕೊಂಡೆವು.

ಮೂರನೆಯ ತಿಂಗಳ ನಡುವೆ ಅವನು ಮಾತ್ರೆ ನಿಲ್ಲಿಸಿದ. ಕಾರಣ ಕೇಳಿದರೆ ನೀವು ನಕ್ಕುಬಿಡುವಿರಿ, ಇಲ್ಲವೇ ಅಳುವಿರಿ. ಕೇಂದ್ರದ ಕಾರ್ಯಕರ್ತೆ ಮನೆಗೆ ಬರುವುದನ್ನು ಬೀದಿಯವರು ನೋಡುತ್ತಾರೆ, ಸುದ್ದಿ ಊರಿಗೆ ತಲುಪಿದರೆ ತಂಗಿಯ ಮದುವೆಗೂ ತೊಂದರೆಯಾಗುತ್ತದೆ ಎಂಬ ಅಂಜಿಕೆ. "ಮಾವ, ಈಗ ನನಗೇನೂ ಇಲ್ಲ. ಅವರು ಬಂದರೆ ಊರಿಗೆ ಹೋಗಿದ್ದಾನೆ ಅಂತ ಹೇಳಿಬಿಡಿ" ಎಂದ. ಆಕೆ ಎರಡು ಬಾರಿ ಬಂದಳು. ಎರಡು ಬಾರಿಯೂ, ಮಹಡಿಯ ಮೇಲೆ ಅವನು ಮಲಗಿದ್ದಾಗಲೇ, ನಾನು ಬಾಗಿಲಲ್ಲಿ ನಿಂತು "ಊರಿಗೆ ಹೋಗಿದ್ದಾನಮ್ಮ" ಎಂದು ಹೇಳಿ ಕಳುಹಿಸಿದೆ. ಜೀವಶಾಸ್ತ್ರದ ಉಪನ್ಯಾಸಕನಾದ ನಾನು! ಕೆಮ್ಮಿಲ್ಲ, ಜ್ವರವಿಲ್ಲ, ಕಫದಲ್ಲಿ ರೋಗಾಣುವಿಲ್ಲ. ಹಾಗಾದರೆ ಗೆರೆ ತಳ ಮುಟ್ಟಿದೆ ಎಂದೇ ನನ್ನ ಮನಸ್ಸೂ ಒಪ್ಪಿಕೊಂಡಿತ್ತು.

ಏಳು ತಿಂಗಳು ಕಳೆಯಿತು. ಒಂದು ನಸುಕಿನಲ್ಲಿ ಅವನು ಸ್ನಾನದ ಮನೆಯಲ್ಲಿ ಕೆಮ್ಮಿ ರಕ್ತ ಕಾರಿದ. ಅಂದು ಅವನನ್ನು ಪರೀಕ್ಷಿಸಿದ ವೈದ್ಯರು ನನ್ನ ವೃತ್ತಿಯನ್ನು ಕೇಳಿ ತಿಳಿದು, ಗದರಿಸಲಿಲ್ಲ. "ಮೇಷ್ಟ್ರೇ, ಅವು ಸತ್ತಿರಲಿಲ್ಲ, ಮಲಗಿದ್ದವು" ಎಂದಷ್ಟೇ ಹೇಳಿದರು. ಆ ಮಾತಿನಿಂದ ನನಗಾದ ನಾಚಿಕೆಯನ್ನು ಇಂದಿಗೂ ಮರೆತಿಲ್ಲ. ಆ ನಾಚಿಕೆಯೇ ನನ್ನನ್ನು ಮತ್ತೆ ವಿದ್ಯಾರ್ಥಿಯನ್ನಾಗಿ ಮಾಡಿತು. ಅಂದಿನಿಂದ ಇಂದಿನವರೆಗೆ, ಹಸಿವಾದಾಗ ಬ್ಯಾಕ್ಟೀರಿಯಾ ಏನು ಮಾಡುತ್ತದೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದನ್ನು ಇಲ್ಲಿ ಹೇಳುತ್ತೇನೆ.

ನಿಮ್ಮ ಮನೆಯ ಅಡುಗೆಮನೆಯಿಂದಲೇ ಆರಂಭಿಸೋಣ. ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ತಿಂದು ಹುಳಿಯನ್ನು ಉತ್ಪಾದಿಸುತ್ತವೆ. ಫ್ರಿಜ್ಜಿನಲ್ಲಿ ಒಂದು ವಾರ ಉಳಿದ ಮೊಸರಿನಿಂದ ಮತ್ತೆ ಹೆಪ್ಪು ಹಾಕಿ ನೋಡಿ. ಹಾಲು ಹೆಪ್ಪುಗಟ್ಟುತ್ತದೆ, ಆದರೆ ತಡವಾಗಿ. ಆ ಹಳೆಯ ಮೊಸರಿನಲ್ಲಿ ಕೆಲವು ಸತ್ತಿವೆ, ಕೆಲವು ಬದುಕಿವೆ. ಬದುಕಿರುವವು ಕೂಡ ಹೊಸ ಹಾಲು ಸಿಕ್ಕ ಕೂಡಲೇ ಕೆಲಸಕ್ಕೆ ಇಳಿಯುವುದಿಲ್ಲ. ಅವಕ್ಕೆ ಎಚ್ಚರಗೊಳ್ಳಲು ಸ್ವಲ್ಪ ಸಮಯ ಬೇಕು. ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಈ ಸಂಗತಿಯನ್ನು ನಾನು ತರಗತಿಯಲ್ಲಿ ಮರೆತಿದ್ದೆ.

ನಮ್ಮ ಕರುಳಿನಲ್ಲಿ ವಾಸಿಸುವ ಈ. ಕೋಲೈ ಎಂಬ ಬ್ಯಾಕ್ಟೀರಿಯಾ ಅನುಕೂಲ ಸಂದರ್ಭದಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಆ ವೇಗ ಹಾಗೆಯೇ ಮುಂದುವರಿದರೆ ಒಂದೇ ಜೀವಕಣ ಹತ್ತು ಗಂಟೆಗಳಲ್ಲಿ ನೂರು ಕೋಟಿ ದಾಟುತ್ತದೆ. ಇಷ್ಟು ವೇಗವಾಗಿ ಬೆಳೆಯಬೇಕಾದರೆ ಪ್ರೋಟೀನು ತಯಾರಿಸುವ ರೈಬೋಸೋಮುಗಳು ಹೇರಳವಾಗಿರಬೇಕು. ವೇಗವಾಗಿ ಬೆಳೆಯುವ ಜೀವಕಣದ ಒಣತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಈ ರೈಬೋಸೋಮುಗಳದೇ ಆಗಿರುತ್ತದೆ. ಒಲೆಗಳೇ ತುಂಬಿರುವ ಮದುವೆಮನೆಯ ಅಡುಗೆಶಾಲೆಯನ್ನು ಕಲ್ಪಿಸಿಕೊಳ್ಳಿ. ಅಷ್ಟು ಒಲೆಗಳು ಉರಿಯುತ್ತಿರುವಾಗ ಉಗ್ರಾಣದ ಅಕ್ಕಿ ಬೇಳೆ ತೀರಿಹೋದರೆ ಏನಾಗಬೇಕು?

ಪ್ರೋಟೀನು ಕಟ್ಟಲು ಬೇಕಾದ ಅಮೈನೋ ಆಮ್ಲಗಳು ತೀರಿದಾಗ, ಅವನ್ನು ಹೊತ್ತು ತರಬೇಕಾದ ವಾಹಕ ಅಣುಗಳು ರೈಬೋಸೋಮಿಗೆ ಬರಿಗೈಯಲ್ಲಿ ಬರುತ್ತವೆ. ಅಲ್ಲೇ ಕಾದು ಕುಳಿತಿರುವ ಒಂದು ಕಿಣ್ವ ಈ ಬರಿಗೈಯನ್ನು ಗುರುತಿಸಿ, ತಕ್ಷಣ ಒಂದು ಸಣ್ಣ ರಾಸಾಯನಿಕವನ್ನು ತಯಾರಿಸತೊಡಗುತ್ತದೆ. ಅದರ ಹೆಸರು ಗ್ವಾನೊಸಿನ್ ಟೆಟ್ರಾಫಾಸ್ಫೇಟ್. ಚಿಕ್ಕದಾಗಿ ಪಿಪಿಜಿಪಿಪಿ ಎನ್ನುತ್ತಾರೆ. 1969ರಲ್ಲಿ ಅಮೆರಿಕದ ಮೈಕೆಲ್ ಕ್ಯಾಶೆಲ್ ಮತ್ತು ಜೊನಾಥನ್ ಗ್ಯಾಲಂಟ್ ಇದನ್ನು ವರದಿ ಮಾಡಿದರು. ಹಸಿದ ಬ್ಯಾಕ್ಟೀರಿಯಾಗಳ ಸಾರವನ್ನು ಪ್ರತ್ಯೇಕಿಸಿ ನೋಡಿದಾಗ, ಹೊಟ್ಟೆ ತುಂಬಿದವುಗಳಲ್ಲಿ ಕಾಣದ ಚುಕ್ಕೆಗಳು ಅಲ್ಲಿ ಮೂಡಿದ್ದವು. ಅವರು ಅವನ್ನು ಮಾಂತ್ರಿಕ ಚುಕ್ಕೆಗಳೆಂದು ಕರೆದರು. ಈ ರಾಸಾಯನಿಕ ಹರಡಿದ ಕೂಡಲೇ ಹೊಸ ರೈಬೋಸೋಮುಗಳ ತಯಾರಿಕೆ ನಿಲ್ಲುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಅದೇ ವೇಳೆಗೆ ಬರಗಾಲಕ್ಕೆ ಬೇಕಾದ ವಂಶವಾಹಿಗಳು ಕೆಲಸ ಆರಂಭಿಸುತ್ತವೆ. ಕೆಲವು ರೈಬೋಸೋಮುಗಳನ್ನು ಜೀವಕಣ ತಾನೇ ಕರಗಿಸಿ ತಿನ್ನುತ್ತದೆ. ಇನ್ನು ಕೆಲವನ್ನು ಎರಡೆರಡಾಗಿ ಜೋಡಿಸಿ, ಮುಂದೆಂದಾದರೂ ಬೇಕಾದೀತೆಂದು ನಿಷ್ಕ್ರಿಯವಾಗಿ ಇಟ್ಟುಕೊಳ್ಳುತ್ತದೆ. ದೇಹ ಕುಗ್ಗಿ ಚಿಕ್ಕದಾಗುತ್ತದೆ.

ಈ ವಿಷಯದಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಮಹತ್ವದ ಕೆಲಸ ನಡೆದಿದೆಯೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ದೀಪಂಕರ್ ಚಟರ್ಜಿಯವರು ಮತ್ತು ಅವರ ವಿದ್ಯಾರ್ಥಿಗಳು ಹಲವು ವರ್ಷ ಈ ಪಿಪಿಜಿಪಿಪಿಯ ಬೆನ್ನು ಹತ್ತಿದರು. ಅವರು ಆರಿಸಿಕೊಂಡದ್ದು ಕ್ಷಯದ ಬ್ಯಾಕ್ಟೀರಿಯಾದ ದಾಯಾದಿಯಾದ, ಆದರೆ ಅದರಷ್ಟು ಅಪಾಯಕಾರಿಯಲ್ಲದ ಸ್ಮೆಗ್ಮಾಟಿಸ್ ಎಂಬ ಪ್ರಭೇದವನ್ನು. ಪಿಪಿಜಿಪಿಪಿ ಹೆಚ್ಚಾದಾಗ ಆ ಬ್ಯಾಕ್ಟೀರಿಯಾದ ಆಕಾರವೇ ಬದಲಾಗುತ್ತದೆಂದು ಅವರು 2000ದಲ್ಲಿ ತೋರಿಸಿದರು. ಅದನ್ನು ಇಂಗಾಲದ ಆಹಾರವಿಲ್ಲದೆ ಹಸಿವಿಗೆ ಒಡ್ಡಿದಾಗ ಡಿಪಿಎಸ್ ಎಂಬ ಗುಂಪಿನ ಪ್ರೋಟೀನು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆಂದು 2002ರಲ್ಲಿ ಪ್ರಕಟಿಸಿದರು. ಈ ಗುಂಪಿನ ಪ್ರೋಟೀನುಗಳು ಡಿ.ಎನ್.ಎ.ಯನ್ನು ಆವರಿಸಿ ಹಾನಿಯಾಗದಂತೆ ಕಾಯುತ್ತವೆ. ಬರಗಾಲ ಬಂದಾಗ ಬಿತ್ತನೆಯ ಬೀಜವನ್ನು ರೈತ ಮಣ್ಣಿನ ಕಣಜದಲ್ಲಿಟ್ಟು ಬಾಯಿ ಮೆತ್ತುವುದಿಲ್ಲವೇ? ಇದೂ ಬಹುಮಟ್ಟಿಗೆ ಹಾಗೆಯೇ.

ಎಲ್ಲ ಬ್ಯಾಕ್ಟೀರಿಯಾಗಳ ದಾರಿ ಒಂದೇ ಅಲ್ಲ. ಮಣ್ಣಿನಲ್ಲಿರುವ ಬ್ಯಾಸಿಲಸ್ ಜಾತಿಯವು ಹಸಿವು ತೀವ್ರವಾದಾಗ ತಮ್ಮೊಳಗೆ ಗಟ್ಟಿ ಕವಚದ ಬೀಜಾಣುವೊಂದನ್ನು ನಿರ್ಮಿಸಿ ವರ್ಷಗಟ್ಟಲೆ ಉಳಿಯಬಲ್ಲವು. ಆದರೆ ಬೀಜಾಣುವಾಗುವುದು ದುಬಾರಿ ಕೆಲಸ. ಒಮ್ಮೆ ಆರಂಭಿಸಿದರೆ ಹಿಂದಿರುಗುವುದು ಕಷ್ಟ. ಆದ್ದರಿಂದ ಮೊದಲು ಸಿದ್ಧವಾದ ಕೆಲವು ಜೀವಕಣಗಳು ವಿಷ ಹೊರಹಾಕಿ, ಇನ್ನೂ ಸಿದ್ಧವಾಗದ ತಮ್ಮ ಒಡಹುಟ್ಟುಗಳನ್ನು ಕೊಂದು, ಅವುಗಳಿಂದ ಸೋರಿದ ಆಹಾರವನ್ನು ತಿಂದು ಆ ನಿರ್ಧಾರವನ್ನು ಮುಂದೂಡುತ್ತವೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಇನ್ನು ಸಾವಿನ ವಿಷಯ. ಹಸಿದ ಬ್ಯಾಕ್ಟೀರಿಯಾ ಕೊನೆಗೂ ಏಕೆ ಸಾಯುತ್ತದೆ? ಬೆಳೆಯದೆ ಸುಮ್ಮನಿದ್ದರೂ ಬದುಕಿರುವುದಕ್ಕೆ ಖರ್ಚಿದೆ. ಜೀವಕಣದ ಹೊರಪೊರೆಯ ಒಳಗೂ ಹೊರಗೂ ಲವಣಗಳ ಪ್ರಮಾಣ ಬೇರೆ ಬೇರೆ. ಪೊರೆಯ ಮೂಲಕ ಅವು ಸದಾ ಸೋರುತ್ತಿರುತ್ತವೆ, ಅವನ್ನು ಸದಾ ಸರಿಪಡಿಸುತ್ತಿರಬೇಕು. ಮಳೆಗಾಲದಲ್ಲಿ ತಗ್ಗಿನ ಮನೆಗೆ ನುಗ್ಗುವ ನೀರನ್ನು ಬಿಡದೆ ಮೊಗೆದು ಹಾಕಿದಂತೆ. ಮೊಗೆಯುವ ಶಕ್ತಿ ತೀರಿದ ದಿನ ಅದರ ಕಥೆ ಮುಗಿಯಿತು. ಹಾಗೆ ಸತ್ತ ಜೀವಕಣ ಒಡೆದಾಗ ಅದರೊಳಗಿನ ಪದಾರ್ಥಗಳು ನೀರಿಗೆ ಸೇರುತ್ತವೆ. ಉಳಿದವುಗಳಿಗೆ ಅದೇ ಆಹಾರ.

ಜರ್ಮನಿಯ ಮ್ಯೂನಿಕ್ ನಗರದಲ್ಲಿ ಉಲ್ರಿಚ್ ಗೆರ್ಲಾಂಡ್ ಮತ್ತು ಅವರ ಸಂಗಡಿಗರು 2019ರಲ್ಲಿ ಇದರ ಲೆಕ್ಕವನ್ನೇ ಹಾಕಿದರು. ಇಂಗಾಲದ ಆಹಾರವಿಲ್ಲದ ಈ. ಕೋಲೈ ಯಾವ ದರದಲ್ಲಿ ಸಾಯುತ್ತದೆ ಎಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ ಎಂದು ಅವರು ಕಂಡುಕೊಂಡರು: ಒಂದು ಜೀವಕಣ ಬದುಕಿರಲು ತಗಲುವ ಖರ್ಚೆಷ್ಟು, ಸತ್ತ ಒಂದರಿಂದ ಉಳಿದವುಗಳಿಗೆ ಸಿಗುವ ಆಹಾರವೆಷ್ಟು. ಮೊದಲೇ ನಿಧಾನವಾಗಿ ಬೆಳೆಯುತ್ತಿದ್ದ ಜೀವಕಣಗಳ ಖರ್ಚು ಕಡಿಮೆ. ಅವು ಹಸಿವಿನಲ್ಲಿ ಹೆಚ್ಚು ದಿನ ಉಳಿಯುತ್ತವೆ ಎಂದು ಮರುವರ್ಷ ತೋರಿಸಿದರು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಂದು ಪಾತ್ರೆಯಲ್ಲಿ ನೂರು ಕೋಟಿ ಬ್ಯಾಕ್ಟೀರಿಯಾಗಳಿವೆ, ಎರಡು ದಿನಕ್ಕೊಮ್ಮೆ ಅರ್ಧದಷ್ಟು ಸಾಯುತ್ತವೆ ಎಂದಿಟ್ಟುಕೊಳ್ಳೋಣ. 20 ದಿನಗಳ ನಂತರ ಸುಮಾರು ಹತ್ತು ಲಕ್ಷ ಉಳಿದಿರುತ್ತವೆ. 40 ದಿನಗಳ ನಂತರವೂ ಸುಮಾರು ಒಂದು ಸಾವಿರ. ನನ್ನ ಕಪ್ಪುಹಲಗೆಯಲ್ಲಿ ಬರೆದರೆ ಹತ್ತು ಲಕ್ಷವೂ ತಳದ ಗೆರೆಗೆ ಅಂಟಿಕೊಂಡಂತೆಯೇ ಕಾಣುತ್ತದೆ! ಅಷ್ಟೇ ಅಲ್ಲ, ಉಳಿದವು ಮೊದಲಿನಂಥವೂ ಅಲ್ಲ. ಹತ್ತು ದಿನ ಹಸಿದ ಈ. ಕೋಲೈಗಳಲ್ಲಿ ಸ್ವಲ್ಪವನ್ನು ಒಂದು ದಿನದ ಹೊಸ ಸಮೂಹಕ್ಕೆ ಸೇರಿಸಿದಾಗ, ಬರಗಾಲ ಕಂಡ ಹಳೆಯವೇ ಹೊಸವುಗಳನ್ನು ಹಿಂದಿಕ್ಕಿದವೆಂದು ರೊಬರ್ಟೊ ಕೋಲ್ಟರ್ ಅವರ ತಂಡ 1993ರಲ್ಲಿ ವರದಿ ಮಾಡಿತ್ತು. ಹಸಿವು ಅವುಗಳಲ್ಲಿ ಬದಲಾದವುಗಳನ್ನು ಆರಿಸಿ ಉಳಿಸಿತ್ತು.

ಈಗ ನನ್ನ ಸೋದರಳಿಯನ ಎದೆಗೂಡಿನೊಳಗಿನ ಕಥೆಗೆ ಬರೋಣ. ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಜಗತ್ತಿಗೆ ಪರಿಚಯಿಸಿದ ಕ್ಷಯದ ಬ್ಯಾಕ್ಟೀರಿಯಾ ಸ್ವಭಾವತಃ ನಿಧಾನಿ. ಈ. ಕೋಲೈ ಇಪ್ಪತ್ತು ನಿಮಿಷದಲ್ಲಿ ಮಾಡುವುದನ್ನು ಮಾಡಲು ಅದಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಶ್ವಾಸಕೋಶದಲ್ಲಿ ನಮ್ಮ ರಕ್ಷಣಾ ಕೋಶಗಳು ಅದರ ಸುತ್ತ ಗಂಟು ಕಟ್ಟಿ ಸೆರೆಯಲ್ಲಿಡುತ್ತವೆ; ಅಲ್ಲಿ ಆಮ್ಲಜನಕ ಕಡಿಮೆ, ಆಹಾರವೂ ಕಡಿಮೆ. ಕ್ಷಯಾಣುವನ್ನು ಆಹಾರವಿಲ್ಲದ ದ್ರವದಲ್ಲಿಟ್ಟರೆ ಅದರ ಉಸಿರಾಟ ಬಹಳ ಇಳಿದರೂ ಅದು ಬದುಕಿರುತ್ತದೆ ಎಂಬುದನ್ನು ಲೋಬೆಲ್ ಮತ್ತು ಸಂಗಡಿಗರು 1933ರಲ್ಲಿಯೇ ಗಮನಿಸಿದ್ದರು. 2002ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಅದನ್ನೇ ಹೊಸ ಉಪಕರಣಗಳಿಂದ ಪರೀಕ್ಷಿಸಿದರು. ಆರು ವಾರ ಹಸಿದ ಕ್ಷಯಾಣುಗಳು ಬದುಕಿದ್ದವು; ಪೋಷಕದ್ರವ ಕೊಟ್ಟಾಗ ಮತ್ತೆ ಬೆಳೆದವು. ಹಸಿದ ಸ್ಥಿತಿಯಲ್ಲಿ ಐಸೋನಿಯಾಜಿಡ್‌ನಂತಹ ಮುಖ್ಯ ಔಷಧವೂ ಅವುಗಳನ್ನು ಅಷ್ಟಾಗಿ ತಾಗಲಿಲ್ಲ.

ಕಾರಣ ಸರಳ. ಐಸೋನಿಯಾಜಿಡ್ ಕ್ಷಯಾಣುವನ್ನು ಕೊಲ್ಲುವುದು ಅದು ತನ್ನ ಹೊರಗೋಡೆಯನ್ನು ಕಟ್ಟುವ ಕೆಲಸಕ್ಕೆ ಅಡ್ಡಿಪಡಿಸಿ. ಬೆಳೆಯದೆ ಮಲಗಿರುವ ಬ್ಯಾಕ್ಟೀರಿಯಾ ಗೋಡೆಯನ್ನೇ ಕಟ್ಟುತ್ತಿಲ್ಲ, ಅಡ್ಡಿಪಡಿಸುವುದೇನನ್ನು? ಮಾತ್ರೆ ನುಂಗಿದ ಮೊದಲ ವಾರಗಳಲ್ಲಿ ಚುರುಕಾಗಿ ಬೆಳೆಯುತ್ತಿದ್ದವು ರಾಶಿ ರಾಶಿಯಾಗಿ ಸಾಯುತ್ತವೆ. ಜ್ವರ ಬಿಡುವುದೂ, ಕೆಮ್ಮು ನಿಲ್ಲುವುದೂ ಆಗಲೇ. ಉಳಿಯುವುದು ನಿಧಾನಿಗಳು, ಅರೆನಿದ್ರೆಯವು. ಅವುಗಳಲ್ಲಿ ಆಗೊಮ್ಮೆ ಈಗೊಮ್ಮೆ ಎಚ್ಚರಗೊಳ್ಳುವವನ್ನು ಹಿಡಿಯಲು ರಿಫಾಂಪಿಸಿನ್, ಹುಳಿಯಾದ ಪರಿಸರದಲ್ಲಿ ನಿಧಾನವಾಗಿರುವವನ್ನು ಹಿಡಿಯಲು ಪೈರಾಜಿನಮೈಡ್. ಆದರೂ ಎಲ್ಲವೂ ಒಂದೇ ದಿನ ಕಣ್ಣು ತೆರೆಯುವುದಿಲ್ಲ. ಒಂದೊಂದೂ ಏಳುವವರೆಗೆ ಔಷಧ ರಕ್ತದಲ್ಲಿ ಕಾದಿರಬೇಕು. ಎರಡು ತಿಂಗಳಿಗೆ ರೋಗಿ ಗುಣವಾದಂತೆ ಕಂಡರೂ ಚಿಕಿತ್ಸೆಗೆ ಆರು ತಿಂಗಳು ಬೇಕಾಗುವುದು ಇದಕ್ಕಾಗಿ. ಕೊನೆಯ ನಾಲ್ಕು ತಿಂಗಳ ಮಾತ್ರೆ ಕಾಣದ ಹಸಿದ ಕೆಲವಕ್ಕಾಗಿ. ನನ್ನ ಬಾಗಿಲಿನಿಂದ ನಾನು ಹಿಂದಕ್ಕೆ ಕಳುಹಿಸಿದ್ದು ಆ ನಾಲ್ಕು ತಿಂಗಳನ್ನು.

ಓದುಗರೇ, ಈ ಕಥೆಯಲ್ಲಿ ಇನ್ನೊಂದು ಹಸಿವೂ ಇದೆ. ಬನ್ನು ಚಹಾದಲ್ಲಿ ದಿನ ಕಳೆದ ಹುಡುಗನ ಹಸಿವು. ಕ್ಷಯಾಣು ಅನೇಕರ ದೇಹದೊಳಗೆ ಹೋಗುತ್ತದೆ. ಬಹುತೇಕರಲ್ಲಿ ಅದು ರೋಗವಾಗದೆ ಸೆರೆಯಲ್ಲೇ ಇರುತ್ತದೆ. ಆ ಸೆರೆಯ ಕಾವಲು ಕಾಯುವುದು ನಮ್ಮ ರೋಗನಿರೋಧಕ ಶಕ್ತಿ. ಮನುಷ್ಯನ ಹೊಟ್ಟೆ ಬರಿದಾದಾಗ ಕಾವಲುಗಾರರೂ ಸೊರಗುತ್ತಾರೆ. ಹಸಿವು ಬ್ಯಾಕ್ಟೀರಿಯಾವನ್ನು ಮಲಗಿಸುತ್ತದೆ. ಅದು ಮಲಗಿರುವ ಮನೆಯ ಯಜಮಾನ ಹಸಿದರೆ ಮಾತ್ರ ಅದಕ್ಕೆ ಏಳುವ ಸಮಯ ಬಂದಂತೆ.

ಇದು ಬರಿಯ ಊಹೆಯಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಸಂಗಡಿಗರೊಡನೆ 2019ರಿಂದ 2022ರವರೆಗೆ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಒಂದು ಅಧ್ಯಯನ ನಡೆಸಿದರು. 2,800 ಕ್ಷಯರೋಗಿಗಳಿಗೆ ಚಿಕಿತ್ಸೆಯೊಡನೆ ತಿಂಗಳು ತಿಂಗಳೂ ಆಹಾರಧಾನ್ಯ ಕೊಟ್ಟರು. ಅವರ ಮನೆಗಳಲ್ಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಒಂದು ಗುಂಪಿನವರಿಗೆ ತಲೆಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಜೀವಸತ್ವಗಳನ್ನು ಕೊಟ್ಟರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೀಗೆ ಅಕ್ಕಿ ಬೇಳೆ ಪಡೆದ ಮನೆಮಂದಿಯಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಗಿತ್ತು. ರೋಗಿಗಳಲ್ಲಿ, ಮೊದಲ ಎರಡು ತಿಂಗಳಲ್ಲಿ ಶೇಕಡಾ 5ರಷ್ಟು ತೂಕ ಹೆಚ್ಚಿಸಿಕೊಂಡವರಿಗೆ ಸಾವಿನ ಅಪಾಯ ಶೇಕಡಾ 61ರಷ್ಟು ಇಳಿದಿತ್ತು. ಯಾವ ಹೊಸ ಔಷಧವೂ ಅಲ್ಲ, ಅಕ್ಕಿ ಮತ್ತು ಬೇಳೆ! ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಇರುವ ನಮ್ಮ ದೇಶಕ್ಕೆ ಇದು ಚಿಕ್ಕ ಮಾತಲ್ಲ. ಚಿಕಿತ್ಸೆಯಲ್ಲಿರುವವರಿಗೆ ಪೋಷಣೆಗಾಗಿ ಸರ್ಕಾರ 2018ರಲ್ಲಿ ಆರಂಭಿಸಿದ ತಿಂಗಳಿಗೆ 500 ರೂಪಾಯಿಯ ನೆರವು 2024ರ ನವೆಂಬರಿನಿಂದ 1,000 ರೂಪಾಯಿಯಾಗಿದೆ. ಇದು ನಿಮ್ಮ ಪರಿಚಯದ ರೋಗಿಗಳಿಗೆ ತಿಳಿದಿದೆಯೇ ಎಂದು ದಯವಿಟ್ಟು ವಿಚಾರಿಸಿ.

ಔಷಧ ಬಿಟ್ಟವನನ್ನು ಬೇಜವಾಬ್ದಾರಿ ಮನುಷ್ಯನೆಂದು ದೂರುವುದು ಸುಲಭ. ನಮ್ಮ ಊರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ನೆಹರೂ ಅವರು ಉದ್ಘಾಟಿಸಿದ ಸಂಸ್ಥೆ ಅದು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದಾಗ ನಾನು ತಲೆ ತಗ್ಗಿಸಿದೆ. ಹಳ್ಳಿಯ ರೋಗಿಗಳಲ್ಲಿ ಬಹುತೇಕರಿಗೆ ತಮಗೇನೋ ಆಗಿದೆಯೆಂಬ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ನೆರವು ಕೋರಿ ಹೋಗಿಯೂ ಇದ್ದರು. ಅವರಲ್ಲಿ ಅರಿವಿನ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಅವರನ್ನು ಬರಮಾಡಿಕೊಳ್ಳುವವರಲ್ಲಿ. ನನ್ನ ಸೋದರಳಿಯ ಬೀದಿಯವರ ಕಣ್ಣಿಗೆ ಅಂಜಿದ. ಆ ಅಂಜಿಕೆಯನ್ನು ದೂರ ಮಾಡಬೇಕಾಗಿದ್ದವನು ನಾನು. ಅದಕ್ಕೆ ನೆಪ ಒದಗಿಸಿಕೊಟ್ಟೆ.

ಎರಡನೆಯ ಚಿಕಿತ್ಸೆ ಅಂದಿನ ಕ್ರಮದಂತೆ ಎಂಟು ತಿಂಗಳು ನಡೆಯಿತು. ಮೊದಲ ಎರಡು ತಿಂಗಳು ಮಾತ್ರೆಗಳ ಜೊತೆಗೆ ವಾರಕ್ಕೆ ಮೂರು ಚುಚ್ಚುಮದ್ದು. ಆ ಎಂಟು ತಿಂಗಳೂ ನಾನು ಅವನೊಡನೆ ನಡೆದು ಹೋದೆ. ಮೊದಲ ದಿನ ಅದೇ ಕಾರ್ಯಕರ್ತೆ ಎದುರಾದಳು. ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು "ಇರಲಿ ಸಾರ್, ಈಗ ಬಂದಿರಲ್ಲ" ಎಂದು ಅವನ ಕಾರ್ಡನ್ನು ತೆಗೆದುಕೊಂಡು ತಾರೀಕು ಬರೆಯತೊಡಗಿದಳು. ಮನೆಯಲ್ಲಿ ನನ್ನ ಹೆಂಡತಿ ಅವನನ್ನು ಕೇಳುವುದನ್ನೇ ಬಿಟ್ಟಳು. ಮಧ್ಯಾಹ್ನ ಬರುವ ಹೊತ್ತಿಗೆ ಮುದ್ದೆ, ಹುರುಳಿಕಾಳಿನ ಸಾರು, ಒಂದು ಮೊಟ್ಟೆ ತಟ್ಟೆಯಲ್ಲಿ ಬಡಿಸಿಟ್ಟಿರುತ್ತಿದ್ದಳು. ಅವನು ಗುಣವಾದ. ಈಗ ಹೊಸೂರಿನಲ್ಲಿ ಹೆಂಡತಿ ಮಕ್ಕಳೊಡನೆ ಇದ್ದಾನೆ. ಒಂದು ಶ್ವಾಸಕೋಶದ ಮೇಲ್ಭಾಗ ಗಾಯದ ಗುರುತಿನಿಂದ ಸುಕ್ಕುಗಟ್ಟಿದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಆ ಏದುಸಿರಿನಲ್ಲಿ ನನ್ನ ಪಾಲೂ ಇದೆಯೆಂದು ಅವನಿಗೆ ಒಮ್ಮೆ ಹೇಳಿದೆ. "ಬಿಡಿ ಮಾವ, ಹೇಳಿ ಅಂದವನು ನಾನೇ ತಾನೇ" ಎಂದ.

ನಿವೃತ್ತಿಯವರೆಗಿನ ಕೊನೆಯ ವರ್ಷಗಳಲ್ಲಿ ಆ ಪಾಠಕ್ಕೆ ನಾನು ಎರಡು ತರಗತಿ ತೆಗೆದುಕೊಳ್ಳುತ್ತಿದ್ದೆ. ನಾಲ್ಕನೆಯ ಹಂತದ ಗೆರೆಯನ್ನು ನಿಧಾನವಾಗಿ ಇಳಿಸಿ, ತಳಕ್ಕೆ ಮುಟ್ಟಿಸದೆ, ಹಲಗೆಯ ಅಂಚಿನವರೆಗೂ ಎಳೆಯುತ್ತಿದ್ದೆ. "ಇದು ಎಲ್ಲಿ ಮುಗಿಯುತ್ತದೆ ಸಾರ್?" ಎಂದು ಯಾರಾದರೂ ಕೇಳುತ್ತಿದ್ದರು. ಆಗ ಅವರಿಗೆ ಆರು ತಿಂಗಳ ಮಾತ್ರೆಯ ಕಥೆ ಹೇಳುತ್ತಿದ್ದೆ.

ಇಂದು ಚಿಕಿತ್ಸೆಯ ಕ್ರಮ ಬದಲಾಗಿದೆ. ಮಾತ್ರೆ ಈಗ ದಿನವೂ, ದೇಹದ ತೂಕಕ್ಕೆ ತಕ್ಕಂತೆ. ಸಾಮಾನ್ಯ ಕ್ಷಯಕ್ಕೆ ಅವಧಿ ಮಾತ್ರ ಈಗಲೂ ಆರು ತಿಂಗಳೇ. ನಿಮ್ಮ ಬೀದಿಯಲ್ಲಿ, ನಿಮ್ಮ ಬಂಧುಗಳಲ್ಲಿ ಯಾರಾದರೂ ಆ ಮಾತ್ರೆ ನುಂಗುತ್ತಿದ್ದರೆ ಅವರನ್ನು ಮೊದಲ ತಿಂಗಳು ಎಲ್ಲರೂ ವಿಚಾರಿಸುತ್ತಾರೆ. ನೀವು ಮೂರನೆಯ ತಿಂಗಳಲ್ಲಿ ವಿಚಾರಿಸಿ. ಕೆಮ್ಮು ನಿಂತು, ಮೈ ತುಂಬಿ, ಅವರೇ ಅದನ್ನು ಮರೆಯಲು ಬಯಸುವ ಹೊತ್ತಿನಲ್ಲಿ. ಮಾತ್ರೆ ನುಂಗಿದೆಯಾ ಎಂದು ಕೇಳುವ ಮೊದಲು ಊಟ ಮಾಡಿದೆಯಾ ಎಂದು ಕೇಳಿ.